ಒಂದು ಪೆಟ್ಟಿಗೆ, ಮೂರು ಪರದೆ

'ಹಕ್ಕಿ ಗೂಡು ಕಟ್ಟಲು ಹುಲ್ಲು ತರುತ್ತದೆ' ಎಂದು ಅವಳು ಒತ್ತಿ ಆಗಿತ್ತು. ಪರದೆಯ ಮೇಲೆ ಮಾತ್ರ 'ಹಕ್ಕಿ ಗೂ' ಅಷ್ಟೇ ಇತ್ತು. ಕೀಬೋರ್ಡಿನಿಂದ ಕೈ ಎತ್ತಿ ಕಾದಳು. ಕೊಂಚ ಹೊತ್ತಿಗೆ ಉಳಿದ ಅಕ್ಷರಗಳೆಲ್ಲ ಬಾಗಿಲು ತೆರೆದ ಬಸ್ಸಿನಿಂದ ಇಳಿದವರ ಹಾಗೆ ಒಂದರ ಮೇಲೊಂದು ಬಂದು ಬಿದ್ದವು.

"ಅವನಿಗೆ ಹೇಳು," ಎಂದ ಗಂಡ, ತನ್ನ ಪರದೆಯಿಂದ ಕಣ್ಣು ಕೀಳದೆ. "ಏನು ಎಳೀತಿದಾನೋ ಅದನ್ನ ನಿಲ್ಸೋಕೆ ಹೇಳು. ಇಲ್ಲಿ ಒಂದು ಚಿತ್ರ ಅಲ್ಲಾಡ್ತಾ ಇಲ್ಲ."

ಅಂಗಡಿಯನ್ನು ಎರಡು ಮಾಡಿದ್ದ ಪ್ಲೈವುಡ್ ಹಲಗೆ ಬೆರಳಿನಷ್ಟೇ ದಪ್ಪ. ಗಂಡ ಹೇಳಿದ್ದು ಆಚೆಯ ಮೈದುನನಿಗೆ ಚೆನ್ನಾಗಿಯೇ ಕೇಳಿಸಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಹೇಳಬೇಕಿತ್ತು. ಹಲಗೆಯ ಕಡೆ ಬಾಗಿ, "ಸ್ವಲ್ಪ ನಿಲ್ಸ್ತೀಯಾ? ಇಲ್ಲಿ ಹಿಡ್ಕೊಂಡ್ಬಿಟ್ಟಿದೆ," ಎಂದಳು.

"ಒಂದು ಫೋಟೋ ಸೇವ್ ಆಗ್ತಿದೆ ಅತ್ತಿಗೆ. ಮಧ್ಯದಲ್ಲಿ ನಿಲ್ಸಿದ್ರೆ ಹೋಗ್ಬಿಡುತ್ತೆ. ಐದು ನಿಮಿಷ ಕಾಯೋಕೆ ಹೇಳಿ."

"ಕಾಯೋಕೆ ನಾನೇನು ಬಸ್ ಸ್ಟಾಪಲ್ಲಿ ನಿಂತಿದೀನಾ ಕೇಳು," ಎಂದ ಗಂಡ.

ಅವಳು ಕೇಳಲಿಲ್ಲ. ಆಚೆಯಿಂದ ಮೂಗಿನಲ್ಲಿ ನಕ್ಕ ಸದ್ದು ಬಂತು. ಗಂಡನ ಕಿವಿ ಕೆಂಪಾಯಿತು. ಇಬ್ಬರ ನಡುವೆ ಅಂಚೆಯವಳಾಗಿ ಅವಳಿಗೆ ಸಾಕು ಸಾಕಾಗಿ ಹೋಗಿತ್ತು.

ಅಂಗಡಿಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರು. ಅದಕ್ಕೆ ಮೂರು ಪರದೆ, ಮೂರು ಕೀಬೋರ್ಡು, ಮೂರು ಮೌಸು. ಇದನ್ನು ಜೋಡಿಸಿದವನು ಮೈದುನನೇ. ಮೂವರು ಮೂರು ಕಡೆ ಕೂತು ತಂತಮ್ಮ ಕೆಲಸ ತಾವು ಮಾಡುತ್ತಿದ್ದರೂ, ಒಳಗೆ ಯೋಚನೆ ಮಾಡುತ್ತಿದ್ದದ್ದು ಮೇಜಿನ ಕೆಳಗಿನ ಆ ಒಂದು ಪೆಟ್ಟಿಗೆ. ಅದನ್ನು ಮೊದಲ ಸಲ ಚಾಲೂ ಮಾಡಿದ ದಿನ ಅವನು, "ನೋಡಿ ಅತ್ತಿಗೆ, ಒಂದೇ ತಲೆ, ಮೂರು ಮುಖ. ನಮ್ಮ ಮನೆ ಥರಾನೇ," ಎಂದಿದ್ದ. ಆ ತಲೆ ಯಾರದು ಎಂದು ಅವಳು ಕೇಳಿದ್ದಕ್ಕೆ ಅಣ್ಣನ ಕಡೆ ಬೆರಳು ತೋರಿಸಿ ಕಣ್ಣು ಮಿಟುಕಿಸಿದ್ದ. ಅಣ್ಣನೂ ನಕ್ಕಿದ್ದ. ಆಗೆಲ್ಲ ಹಾಗಿತ್ತು.

ಅವಳು ಮದುವೆಯಾಗಿ ಬಂದಾಗ ಮೈದುನ ಇನ್ನೂ ಅರ್ಧ ಚಡ್ಡಿಯ ಶಾಲಾ ಹುಡುಗ. ಅತ್ತೆ ಇರಲಿಲ್ಲ. ಅವನ ಜ್ವರಕ್ಕೆ ಎದ್ದು ಕೂತವಳು, ಅವನ ಮಾರ್ಕ್ಸ್ ಕಾರ್ಡಿಗೆ ಗಂಡನಿಗೆ ಕಾಣದಂತೆ ಸಹಿ ಹಾಕಿದವಳು ಇವಳು. ನನ್ನ ಹೊಟ್ಟೆಯಲ್ಲಿ ಮಗಳು ಹುಟ್ಟುವ ಮೊದಲೇ ತಾಯಿಯಾಗಿದ್ದೆ ಎಂದು ನೆಂಟರ ಮುಂದೆ ತಮಾಷೆ ಮಾಡುತ್ತಿದ್ದಳು. ಮುಂದೆ ಅವನೇ ಇವಳನ್ನು ಅಂಗಡಿಗೆ ಕರೆದು, ನಡುವಿನ ಕುರ್ಚಿಯಲ್ಲಿ ಕೂರಿಸಿ, ಒಂದೊಂದು ಬೆರಳನ್ನೂ ಹಿಡಿದು ಟೈಪಿಂಗ್ ಕಲಿಸಿದ. ಪುಸ್ತಕಗಳ ಪುಟ ಕಟ್ಟಿ ಮುದ್ರಣಕ್ಕೆ ಕಳಿಸುವುದು ಅಂಗಡಿಯ ಕೆಲಸ. ಅವಳು ಅಕ್ಷರ ಕೂಡಿಸಿದರೆ ಅಣ್ಣ ತಮ್ಮ ಸೇರಿ ಪುಟ ಮಾಡುತ್ತಿದ್ದರು.

ಅವರಿಬ್ಬರ ನಡುವೆ ಕೆಟ್ಟದ್ದು ನೆರೆ ಬಂದು ಹೋದ ಮೇಲೆ. ನದಿ ಊರೊಳಗೆ ನುಗ್ಗಿ, ಕೆಳಗಿನ ಬೀದಿಗಳ ಮನೆಗಳಲ್ಲಿ ಎದೆಮಟ್ಟ ನಿಂತು, ಹೋಗುವಾಗ ಕೆಸರನ್ನು ಬಿಟ್ಟು ಹೋಗಿತ್ತು. ಒಂದು ಮಧ್ಯಾಹ್ನ ಮುದುಕಿಯೊಬ್ಬಳು ಅಂಟಿಕೊಂಡು ಇಟ್ಟಿಗೆಯಂತಾಗಿದ್ದ ಆಲ್ಬಮ್ಮನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದಳು. ಇದರಲ್ಲಿರುವ ಫೋಟೋಗಳನ್ನು ಸರಿ ಮಾಡಿಕೊಡುತ್ತೀರಾ ಎಂದು ಕೇಳಿದಳು. ಗಂಡ ಅದನ್ನು ಮುಟ್ಟದೆಯೇ ನೋಡಿ, "ಇದು ಕಸ ಅಮ್ಮ, ಎಸೆದ್ಬಿಡಿ," ಎಂದ. ಬೇಕೆಂದು ಒರಟಾಗಿ ಹೇಳಿದ್ದಲ್ಲ. ಕೆಲಸದ ಗಡಿಬಿಡಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಮುದುಕಿ ಮೆಟ್ಟಿಲಿಳಿದು ಹೋದಳು. ತಮ್ಮ ಎದ್ದು ಓಡಿಹೋಗಿ, ಬೀದಿಯ ಕೊನೆಯಲ್ಲಿ ಅವಳನ್ನು ಹಿಡಿದು, ತೋಳು ಹಿಡಿದುಕೊಂಡೇ ವಾಪಸು ಕರೆತಂದು ತನ್ನ ಕುರ್ಚಿಯಲ್ಲಿ ಕೂರಿಸಿದ. ಗಿರಾಕಿಯ ಮುಂದೆ, ಅಣ್ಣನ ಮಾತು ಮೀರಿ.

ಆ ದಿನದಿಂದ ಮಾತಿಗೆ ಮಾತು ಬೆಳೆಯಿತು. ಒದ್ದೆ ಆಲ್ಬಮ್ಮುಗಳು ಒಂದಾದ ಮೇಲೊಂದು ಬರತೊಡಗಿದವು. ತಮ್ಮ ಅವನ್ನು ತಟ್ಟೆಯ ನೀರಿನಲ್ಲಿ ನೆನೆಸಿ, ಉಸಿರು ಬಿಗಿಹಿಡಿದು ಒಂದೊಂದಾಗಿ ಬಿಡಿಸಿ, ಹಸಿಯಿದ್ದಂತೆಯೇ ಸ್ಕ್ಯಾನ್ ಮಾಡುತ್ತಿದ್ದ. ಎಷ್ಟೋ ಸಲ ಸ್ಕ್ಯಾನ್ ಮುಗಿಯುವಷ್ಟರಲ್ಲಿ ಬಣ್ಣ ಲೋಳೆಯಾಗಿ ಜಾರಿ, ಕೈಯಲ್ಲಿ ಬಿಳೀ ಕಾಗದ ಮಾತ್ರ ಉಳಿಯುತ್ತಿತ್ತು. ಆಮೇಲೆ ಫೋಟೋದಲ್ಲಿದ್ದವರ ಮುಖ ಎಂಬುದು ಇರುತ್ತಿದ್ದದ್ದು ಆ ಪೆಟ್ಟಿಗೆಯೊಳಗೆ ಮಾತ್ರ. ಅಂಗಡಿಯೆಲ್ಲ ಕೆಸರಿನ ವಾಸನೆ. ಪ್ರಕಾಶಕರು ಮೂಗು ಮುಚ್ಚಿಕೊಂಡು ಬಂದು ಹೋಗುತ್ತಾರೆ ಎಂದು ಗಂಡ ಸಿಡುಕಿದ. ಕೊನೆಗೆ ಒಂದು ದಿನ, "ಅಷ್ಟೊಂದು ಆಸೆ ಇದ್ರೆ ನಿನ್ನದೇ ಅಂಗಡಿ ಮಾಡ್ಕೋ ಹೋಗು," ಎಂದುಬಿಟ್ಟ. ತಮ್ಮ, "ಅರ್ಧ ನಂದೇ ಅಲ್ವಾ, ಎಲ್ಲಿಗೆ ಹೋಗ್ಲಿ?" ಎಂದ. ಮುಂದಿನ ವಾರ ಬಡಗಿ ಬಂದು ಹಲಗೆ ನಿಲ್ಲಿಸಿದ.

ಗೋಡೆ ಎದ್ದಿತು, ಬಾಗಿಲು ಎರಡಾದವು, ಬೆಂಚುಗಳು ಹಂಚಿಹೋದವು. ಪೆಟ್ಟಿಗೆಯನ್ನು ಮಾತ್ರ ಹಂಚಲು ಬರಲಿಲ್ಲ. ಯಾರು ಎತ್ತಿಕೊಂಡು ಹೋದರೂ ಇನ್ನೊಬ್ಬರ ಪರದೆ ಕುರುಡಾಗುತ್ತಿತ್ತು. ಹೊಸದು ತರಬಹುದಿತ್ತು, ಆದರೆ ಮೊದಲು ಯಾರು ತರುತ್ತಾರೋ ಅವರು ಹಳೆಯದನ್ನು ಬಿಟ್ಟುಕೊಟ್ಟ ಹಾಗೆ. ಹಟಕ್ಕೆ ಬಿದ್ದು ಇಬ್ಬರೂ ತರಲಿಲ್ಲ. ಬಡಗಿ ತಲೆ ಕೆರೆದುಕೊಂಡು, ಹಲಗೆಯ ಬುಡದಲ್ಲಿ ಕಿಂಡಿ ಕೊಯ್ದು, ಪೆಟ್ಟಿಗೆಯ ಮುಖ ಅಣ್ಣನ ಕಡೆಗೂ ಬೆನ್ನು ತಮ್ಮನ ಕಡೆಗೂ ಬರುವಂತೆ ಅದನ್ನು ನಡುವೆ ಕೂರಿಸಿ ಹೋದ.

ಮುಖದ ಕಡೆಯಲ್ಲೇ ನಕಲು ತೆಗೆಯುವ ಡಿಸ್ಕನ್ನು ಚುಚ್ಚುವ ಜಾಗವೂ ಇತ್ತು. ಮೊದಲೆಲ್ಲ ವಾರಕ್ಕೊಮ್ಮೆ ತಮ್ಮನೇ ಎಲ್ಲರ ಕೆಲಸದ ನಕಲು ತೆಗೆದಿಡುತ್ತಿದ್ದ. ಈಗ ಅದಕ್ಕೆ ಅವನು ಬೀದಿಗಿಳಿದು ಬಂದು ಅಣ್ಣನನ್ನು ಕೇಳಬೇಕು. ಅವನು ಕೇಳಲಿಲ್ಲ. ಅಣ್ಣನಾಗಿಯೇ ಕರೆಯಲಿಲ್ಲ. ನಡುವೆ ಇದ್ದ ಅವಳು, ಇವತ್ತು ಹೇಳೋಣ, ನಾಳೆ ಹೇಳೋಣ, ಇಬ್ಬರ ಮುಖವೂ ಒಂದಿಷ್ಟು ಸಡಿಲವಾದ ದಿನ ಹೇಳೋಣ ಎಂದುಕೊಂಡು ಸುಮ್ಮನಾದಳು.

ಪೆಟ್ಟಿಗೆಯೊಳಗೆ ಟಿಕ್ ಟಿಕ್ ಎನ್ನುವ ಸಣ್ಣ ಸದ್ದು ಮೊದಲು ಕೇಳಿಸಿದ್ದೂ ಅವಳಿಗೇ. ಗಂಡ ಐದು ತರಗತಿಗಳ ಅಭ್ಯಾಸ ಪುಸ್ತಕ ಒಪ್ಪಿಕೊಂಡಿದ್ದ. ಪ್ರತಿ ಪುಟಕ್ಕೂ ಬಣ್ಣದ ಚಿತ್ರ. ಶಾಲೆ ಶುರುವಾಗುವ ಮೊದಲು ಮುದ್ರಣಕ್ಕೆ ಹೋಗಬೇಕಿತ್ತು. "ಇದನ್ನ ಒಂದ್ಸಲ ಬಿಚ್ಚಿ ತೋರಿಸ್ಬೇಕು," ಎಂದು ಅವಳು ಹೇಳಿದಾಗ, "ಈಗ ಆರಿಸಿದ್ರೆ ಮುಗೀತು ಕಥೆ. ಪುಸ್ತಕ ಹೋಗ್ಲಿ," ಎಂದ. ಹಲಗೆಯಾಚೆ ಹೇಳಿದಾಗ, "ನಾನು ಅದೆಷ್ಟೋ ಜನಕ್ಕೆ ಇಂಥ ವಾರ ಬನ್ನಿ ಅಂತ ಹೇಳಿದೀನಿ ಅತ್ತಿಗೆ. ಫ್ಯಾನಿನ ಸದ್ದಿರಬೇಕು," ಎಂದ ಮೈದುನ. ಆದರೆ ಅವನ ದನಿಯಲ್ಲಿ ನಂಬಿಕೆ ಇರಲಿಲ್ಲ. ಅವಳಂದುಕೊಂಡಳು: ಇವನಿಗೆ ಗೊತ್ತು. ಗೊತ್ತಿದ್ದೂ ಅಣ್ಣನ ಹತ್ತಿರ ಹೋಗಿ, ನಕಲು ತೆಗೀತೀನಿ ಎಂದು ಕೇಳುವುದಕ್ಕಿಂತ ಫ್ಯಾನಿನ ಸದ್ದು ಎಂದುಕೊಳ್ಳುವುದು ಅವನಿಗೆ ಸುಲಭ.

ಹಕ್ಕಿ ಗೂಡಿನ ಪುಟ ಅರ್ಧಕ್ಕೆ ನಿಂತ ಆ ಬೆಳಿಗ್ಗೆ, ಐದು ನಿಮಿಷವಾದ ಮೇಲೆ ಮೂರೂ ಪರದೆಗಳು ಒಟ್ಟಿಗೆ ಕಪ್ಪಾದವು.

ರಿಪೇರಿಯವನು ಬಂದು ಪೆಟ್ಟಿಗೆಯನ್ನು ಕಿಂಡಿಯಿಂದ ಎಳೆದು ಅವಳ ಮೇಜಿನ ಮೇಲಿಟ್ಟ. ಮಗ್ಗುಲು ಬಿಚ್ಚಿ, ಧೂಳು ಊದಿ, ಒಳಗಿನ ಡಿಸ್ಕಿಗೆ ಕಿವಿ ಕೊಟ್ಟು ಕೇಳಿದ. ಡಾಕ್ಟರರಂತೆ ಮುಖ ಮಾಡಿಕೊಂಡು, "ಇದು ಹೋಗೋ ಹಾದೀಲಿದೆ," ಎಂದ. "ಇನ್ನೊಂದ್ಸಲ ಏಳಬಹುದು. ಎಷ್ಟು ಹೊತ್ತು ಇರುತ್ತೆ ಹೇಳಕ್ಕಾಗಲ್ಲ. ಎಲ್ಲಾ ಒಟ್ಟಿಗೆ ಎಳೆಯೋಕೆ ಹೋದ್ರೆ ಅಲ್ಲೇ ಕೂತ್ಬಿಡುತ್ತೆ. ಒಂದಾದ ಮೇಲೆ ಒಂದು ತೆಗೀಬೇಕು. ಮುಖ್ಯವಾದದ್ದು ಮೊದಲು."

ಮೈದುನ ಬೀದಿಗಿಳಿದು ಬಂದು ಹೊಸಿಲ ಮೇಲೆ ನಿಂತಿದ್ದ. ಹಲಗೆ ಎದ್ದ ಮೇಲೆ ಈ ಕಡೆಗೆ ಅವನು ಬಂದದ್ದು ಅದೇ ಮೊದಲು. ಅಂಗಿಯ ತೋಳು ಮಡಚಿದ್ದ. ಬೆರಳ ತುದಿಗಳು ನೀರಿನಲ್ಲಿ ನೆಂದು ಸುಕ್ಕಾಗಿದ್ದವು. ಗಂಡ ಅವಳ ಕುರ್ಚಿಯ ಹಿಂದೆ ನಿಂತಿದ್ದ. ರಿಪೇರಿಯವನು ಅವಳ ಪರದೆ, ಕೀಬೋರ್ಡು, ಮೌಸುಗಳನ್ನಷ್ಟೇ ಜೋಡಿಸಿ, ನಕಲು ತೆಗೆಯುವ ಡಿಸ್ಕನ್ನು ಚುಚ್ಚಿ, ಗುಂಡಿ ಒತ್ತಿದ. ಪೆಟ್ಟಿಗೆ ಮೂರು ಸಲ ಕೆಮ್ಮಿ ಎದ್ದಿತು. ಪರದೆಯ ಮೇಲೆ ಎರಡು ಹಳದಿ ಕಡತಗಳು ಪಕ್ಕಪಕ್ಕದಲ್ಲಿ ಕಂಡವು. ಒಂದಕ್ಕೆ 'ಅಭ್ಯಾಸ' ಎಂದೂ ಇನ್ನೊಂದಕ್ಕೆ 'ಮುಖಗಳು' ಎಂದೂ ಹೆಸರಿತ್ತು.

"ಯಾವುದು ಮೊದಲು?" ಎಂದ ರಿಪೇರಿಯವನು.

ಅವಳಿಗೆ ಉತ್ತರ ಗೊತ್ತಿತ್ತು. ಅಭ್ಯಾಸ ಪುಸ್ತಕಗಳ ಕೈಬರಹ ಅಲ್ಲೇ ಬೀರುವಿನಲ್ಲಿ ಕಟ್ಟಿಟ್ಟಿತ್ತು. ಚಿತ್ರಗಳು ಪ್ರಕಾಶಕರ ಹತ್ತಿರ ಇದ್ದವು. ಊಟ ನಿದ್ದೆ ಬಿಟ್ಟು ಕೂತರೆ ತಾನೇ ಎಲ್ಲವನ್ನೂ ಮತ್ತೆ ಒತ್ತಿ ಕೊಡಬಹುದು. ತಡವಾಗುತ್ತದೆ, ಪ್ರಕಾಶಕ ಕೂಗಾಡುತ್ತಾನೆ, ಮುಂದಿನ ಸಲ ಬೇರೆಯವರ ಹತ್ತಿರ ಹೋದರೂ ಹೋದಾನು. ಅಷ್ಟೇ. ಆ ಇನ್ನೊಂದಕ್ಕೆ ಕೈಬರಹ ಇರಲಿಲ್ಲ. ಇಷ್ಟನ್ನು ಬಾಯಿಬಿಟ್ಟು ಹೇಳಿದರೆ ಸಾಕಿತ್ತು.

ಆಗ ಹಿಂದಿನಿಂದ ಗಂಡ ಗಂಟಲು ಸರಿಮಾಡಿಕೊಂಡ.

ಅಷ್ಟು ವರ್ಷದ ಸಂಸಾರದಲ್ಲಿ ಆ ಸದ್ದಿಗೆ ಅವಳು ಎಷ್ಟೋ ಅರ್ಥ ಕಲಿತಿದ್ದಳು. ನೆಂಟರ ಮುಂದೆ ಮಾತು ಸಾಕು ಎನ್ನುವುದಕ್ಕೂ ಅದೇ, ಹೊರಡೋಣ ಎನ್ನುವುದಕ್ಕೂ ಅದೇ, ನೀನು ಯಾವಾಗಲೂ ಅವನ ಕಡೆಯೇ ಎನ್ನುವುದಕ್ಕೂ ಅದೇ. ಹಲಗೆ ಎದ್ದ ದಿನದಿಂದ ಅವನು ಆ ಕೊನೆಯದನ್ನು ಬಾಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಹೇಳದೆಯೇ ದಿನಕ್ಕೆ ಹತ್ತು ಸಲ ಹೇಳಿದ್ದ. ಅವಳ ಕೈ ಮೌಸಿನ ಮೇಲಿತ್ತು. ಹೊಸಿಲ ಕಡೆ ನೋಡಲಿಲ್ಲ. 'ಅಭ್ಯಾಸ'ವನ್ನು ಹಿಡಿದು ನಕಲಿನ ಡಿಸ್ಕಿಗೆ ಎಳೆದಳು.

ಹಸಿರು ಗೆರೆ ನಿಧಾನವಾಗಿ ತೆವಳಿತು. ನಡುನಡುವೆ ನಿಂತು, ಪೆಟ್ಟಿಗೆ ಟಿಕ್ ಎಂದು, ಮತ್ತೆ ಮುಂದೆ ಹೋಯಿತು. ರಿಪೇರಿಯವನು ಕುರ್ಚಿ ಎಳೆದುಕೊಂಡು ಕೂತ. ಬೀದಿಯಲ್ಲಿ ಸೋಡಾ ಗಾಡಿಯ ಬಾಟಲಿಗಳು ಒಂದಕ್ಕೊಂದು ತಾಕುತ್ತ ಹೋದವು. ಗೆರೆ ತುದಿ ಮುಟ್ಟಿದಾಗ ಅವಳು ಗಡಬಡಿಸಿ 'ಮುಖಗಳು' ಹಿಡಿದು ಎಳೆದಳು. ಹೊಸ ಗೆರೆ ಹುಟ್ಟಿತು. ಒಂದು ಫೋಟೋ ಬಂತು, ಇನ್ನೊಂದು ಬಂತು. ಬೆರಳೆಣಿಕೆಯಷ್ಟು ಬಂದಿರಬಹುದು. ಒಳಗೆ ಉಗುರಿನಿಂದ ತಗಡು ಕೆರೆದಂಥ ಸದ್ದಾಯಿತು. ಆಮೇಲೆ ಸದ್ದೇ ಇಲ್ಲ.

ರಿಪೇರಿಯವನು ಆರಿಸಿ, ಹಚ್ಚಿ, ತಟ್ಟಿ ನೋಡಿ ಕೈಚೆಲ್ಲಿದ. ಡಿಸ್ಕನ್ನು ಆಮೇಲೆ ದೊಡ್ಡ ಊರಿನ ಲ್ಯಾಬಿಗೂ ಕಳಿಸಿದರು. ಡಿಸ್ಕಿನೊಳಗಿನ ತಟ್ಟೆಗೆ ಗೀರು ಬಿದ್ದಿದೆ, ಏನೂ ಸಿಗುವುದಿಲ್ಲ ಎಂದು ಅವರು ಅದನ್ನು ಹಾಗೆಯೇ ವಾಪಸು ಮಾಡಿದರು.

ಆವತ್ತು ಹೊಸಿಲ ಮೇಲೆ ನಿಂತಿದ್ದ ಮೈದುನ, "ಎಷ್ಟು ಬಂತು ಅತ್ತಿಗೆ?" ಎಂದು ಕೇಳಿದ್ದ.

"ಸ್ವಲ್ಪ," ಎಂದಿದ್ದಳು. ಆ ಕಡೆ ತಿರುಗಿರಲಿಲ್ಲ.

"ಹೋಗ್ಲಿ ಬಿಡಿ," ಎಂದವನು ಇನ್ನೂ ಒಂದು ಕ್ಷಣ ನಿಂತಿದ್ದು, ಸುಕ್ಕಾದ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಹೊರಟು ಹೋದ.

ಅಭ್ಯಾಸ ಪುಸ್ತಕಗಳು ಹೇಳಿದ ದಿನಕ್ಕೆ ಮುದ್ರಣಕ್ಕೆ ಹೋದವು. ಗಂಡ ಹೊಸ ಕಂಪ್ಯೂಟರು ತಂದ. ತಮ್ಮ ಎಲ್ಲಿಂದಲೋ ಹಳೆಯದೊಂದನ್ನು ತಂದು ಹಾಕಿಕೊಂಡ. ಕಿಂಡಿಗೆ ಗಂಡ ರಟ್ಟು ಹೊಡೆದು ಮುಚ್ಚಿದ. ಈಗ ಯಾರಿಂದ ಯಾರಿಗೂ ತೊಂದರೆ ಇರಲಿಲ್ಲ. ಅವಳು ಒತ್ತಿದ ಅಕ್ಷರ ಒತ್ತಿದ ತಕ್ಷಣ ಮೂಡುತ್ತಿತ್ತು, ಅದನ್ನು ನೋಡಿದರೆ ಅವಳಿಗೆ ಏನೋ ಒಂಥರಾ ಆಗುತ್ತಿತ್ತು.

ರಟ್ಟು ಹೊಡೆದರೂ ದನಿಗಳು ಬರುತ್ತಿದ್ದವು. ಮೈದುನ ಹೇಳಿದ್ದ ವಾರ ಬಂದಿತ್ತು. ಜನ ಫೋಟೋ ತೆಗೆದುಕೊಂಡು ಹೋಗಲು ಬರತೊಡಗಿದರು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಬೆಂಚು ಎಳೆಯುವ ಸದ್ದು, ಆಮೇಲೆ ಮೈದುನನ ತಗ್ಗಿದ ದನಿ. ಎಲ್ಲರಿಗೂ ಅವನು ಹೇಳುತ್ತಿದ್ದದ್ದು ಅದೇ ಮಾತು. "ಮಶೀನು ಕೆಟ್ಟು ಎಲ್ಲಾ ಹೋಯ್ತು. ನಾನು ನಕಲು ಇಟ್ಕೋಬೇಕಿತ್ತು, ಇಟ್ಕೊಳ್ಳಲಿಲ್ಲ. ತಪ್ಪು ನಂದು."

ಕೆಲವರು ಬೈದು ಹೋದರು. ಅವಳಿಗೆ ಬೈಗುಳ ಕೇಳುವುದು ಕಷ್ಟವಾಗಲಿಲ್ಲ. ಬೈಯದವರೇ ಕಷ್ಟ. ಒಬ್ಬಳು ಏನೂ ಅನ್ನದೆ ಬಹಳ ಹೊತ್ತು ಕೂತಿದ್ದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋದಳು. ಇನ್ನೊಬ್ಬ ಕ್ಷೌರದಂಗಡಿಯವನು. ಅವನು ಮಾತುಗಾರ, ಹಾಗಾಗಿ ಹಲಗೆಯೀಚೆ ಪೂರ್ತಿ ಕೇಳಿಸುತ್ತಿತ್ತು.

"ನಮ್ಮಪ್ಪ ಹೋದಾಗ ನಾನು ತೊಟ್ಟಿಲಲ್ಲಿದ್ದೆ," ಎಂದ ಅವನು. "ಕಿವಿ ನಂದೇ ಥರ ಇತ್ತಂತೆ. ಅಮ್ಮ ಹೇಳೋರು. ಆ ಫೋಟೋನ ನೆರೆ ಬರೋವರೆಗೂ ನಾನು ಸರಿಯಾಗಿ ನೋಡೇ ಇರ್ಲಿಲ್ಲ ನೋಡಿ, ಗೋಡೆ ಮೇಲೆ ಇತ್ತಲ್ಲ, ಎಲ್ಲಿ ಹೋಗುತ್ತೆ ಅಂತ. ನೀವು ನೋಡಿದ್ರಲ್ಲ ಕಂಪ್ಯೂಟ್ರಲ್ಲಿ?"

"ನೋಡಿದ್ದೆ."

"ಹೆಂಗಿತ್ತು ಕಿವಿ?"

"ನಿಮ್ಮ ಥರಾನೇ," ಎಂದ ಮೈದುನ. "ಸ್ವಲ್ಪ ದೊಡ್ಡದು. ಎಡಗಡೆದು ಮುಂದಕ್ಕೆ ಬಾಗಿತ್ತು."

"ಹೌದಾ," ಎಂದ ಕ್ಷೌರದವನು. "ಹಂಗಾದ್ರೆ ಅಮ್ಮ ಹೇಳಿದ್ದು ನಿಜ."

ಅವನು ಹೋದ ಮೇಲೆ ಈಚೆ ಗಂಡ ಮೌಸು ಬಿಟ್ಟು ಕೂತಿದ್ದ. ಆಮೇಲೆ ಟೀ ಕುಡಿದು ಬರುತ್ತೇನೆ ಎಂದು ಎದ್ದು ಹೋದವನು ಗಾಜಿನ ಲೋಟದಲ್ಲಿ ಅವಳಿಗೂ ಟೀ ಹಿಡಿದುಕೊಂಡು ಬಂದ. ಎಂದೂ ತಂದವನಲ್ಲ. ಅವಳ ಮುಂದೆ ಇಟ್ಟು, ತನ್ನ ಕುರ್ಚಿಗೆ ಹೋಗದೆ ಅಲ್ಲೇ ಮೇಜಿಗೆ ಒರಗಿ ನಿಂತ.

"ಪುಸ್ತಕ ನೀನು ಮತ್ತೆ ಟೈಪ್ ಮಾಡ್ಬಹುದಿತ್ತಲ್ಲ," ಎಂದ.

ಅವಳು ತಲೆ ಎತ್ತಿದಳು. ಅವನ ದನಿಯಲ್ಲಿ ಆಪಾದನೆ ಇರಲಿಲ್ಲ. ನಿಜವಾಗಿ ಕೇಳುತ್ತಿದ್ದ.

"ಮಾಡ್ಬಹುದಿತ್ತು," ಎಂದಳು.

"ಆವತ್ತು ನೀನೇ ಹೇಳ್ತೀಯ ಅಂದ್ಕೊಂಡಿದ್ದೆ. ಮೊದಲು ಅವನದು ತೆಗೀರಿ ಅಂತ."

"ನೀವು ಕೆಮ್ಮಿದ್ರಲ್ಲ."

"ಅದನ್ನ ಹೇಳೋಕೇ ಕೆಮ್ಮಿದ್ದು," ಎಂದ ಗಂಡ. "ಬಾಯಿಗೆ ಬರ್ಲಿಲ್ಲ. ಅವನು ಬಾಗಿಲಲ್ಲಿ ನಿಂತಿದ್ದ. ಹೆಂಗೆ ಹೇಳೋದು ಅಂತ. ನೀನು ಹೇಳ್ತೀಯ, ನಾನು ಹೂಂ ಅಂತೀನಿ, ಅಷ್ಟೇ ಅಂದ್ಕೊಂಡೆ. ಅಷ್ಟರಲ್ಲಿ ನೀನು ಎಳೆದ್ಬಿಟ್ಟೆ."

ಅವಳು ಟೀ ಲೋಟವನ್ನು ನೋಡುತ್ತ ಕೂತಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನೀವೇ ಒಂದು ಮಾತು ಹೇಳಬಹುದಿತ್ತಲ್ಲ ಎಂದು ಕೇಳಬಹುದಿತ್ತು. ಅದನ್ನೇ ಅವನೂ ತಿರುಗಿಸಿ ಕೇಳಬಹುದಿತ್ತು. ಅವನ ಮುಖ ನೋಡಿದಳು. ಕಣ್ಣ ಕೆಳಗೆ ಚರ್ಮ ಜೋತುಬಿದ್ದಿತ್ತು. ಆ ಫೋಟೋಗಳ ಜನರು ಬರತೊಡಗಿದಾಗಿನಿಂದ ಇವನೂ ಸರಿಯಾಗಿ ನಿದ್ದೆ ಮಾಡಿಲ್ಲ ಎನ್ನುವುದು ಅವಳಿಗೆ ಈಗ ಹೊಳೆಯಿತು. ಪಕ್ಕದಲ್ಲೇ ಮಲಗಿದ್ದರೂ ಹೊಳೆದಿರಲಿಲ್ಲ. ತಾನೂ ಗೋಡೆಯ ಕಡೆ ತಿರುಗಿ ನಿದ್ದೆ ಬಂದವಳಂತೆ ಮಲಗಿರುತ್ತಿದ್ದಳಲ್ಲ.

"ಅವನಿಗೆ ಹೇಳಿ ಇದನ್ನ," ಎಂದಳು.

"ಏನಂತ ಹೇಳ್ಲಿ?"

"ಈಗ ನನಗೆ ಹೇಳಿದ್ರಲ್ಲ, ಹಾಗೇ."

ಗಂಡ ಹಲಗೆಯ ಕಡೆ ನೋಡಿದ. ಬಾಯಿ ತೆರೆದ. ಆಮೇಲೆ ತಲೆ ಅಲ್ಲಾಡಿಸಿ ತನ್ನ ಕುರ್ಚಿಗೆ ಹೋಗಿ ಕೂತುಕೊಂಡ. "ಈಗ ಹೇಳಿ ಏನು ಬಂತು," ಎಂದ.

ಹಲಗೆಯಾಚೆ ಇವೆಲ್ಲ ಕೇಳಿಸಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಅವಳು ಟೀ ಮುಟ್ಟದೆ ಎದ್ದಳು. ಎಲ್ಲಿಗೆ ಎಂದು ಗಂಡ ಕೇಳಲಿಲ್ಲ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮೆಟ್ಟಿಲಿಳಿದು, ನಾಲ್ಕು ಹೆಜ್ಜೆ ಬೀದಿಯಲ್ಲಿ ನಡೆದು, ಪಕ್ಕದ ಬಾಗಿಲಿನ ಮೆಟ್ಟಿಲು ಹತ್ತಿದಳು. ಇಷ್ಟು ತಿಂಗಳಲ್ಲಿ ಆ ಮೆಟ್ಟಿಲನ್ನು ಅವಳು ತುಳಿದಿರಲಿಲ್ಲ. ತುಳಿಯಬೇಡ ಎಂದು ಯಾರೂ ಹೇಳಿರಲಿಲ್ಲ.

ಒಳಗೆ ಅವಳೆಣಿಸಿದ್ದಕ್ಕಿಂತ ಇಕ್ಕಟ್ಟಾಗಿತ್ತು. ನೀರಿನ ತಟ್ಟೆಗಳು ಖಾಲಿಯಾಗಿ ಒಂದರ ಮೇಲೊಂದು ಬೋರಲಾಗಿದ್ದವು. ಗೋಡೆಯಿಂದ ಗೋಡೆಗೆ ಕಟ್ಟಿದ ದಾರದಲ್ಲಿ ಕ್ಲಿಪ್ಪು ಹಾಕಿ ಸಣ್ಣ ದೊಡ್ಡ ಕಾಗದಗಳನ್ನು ಇಳಿಬಿಟ್ಟಿದ್ದ. ಎಲ್ಲವೂ ಬಿಳಿ. ಕೆಲವುಗಳ ಮೂಲೆಯಲ್ಲಿ ಮಾತ್ರ ಒಂದಿಷ್ಟು ಬಣ್ಣ ಉಳಿದಿತ್ತು, ಒಂದು ಅಂಗಿಯ ಅಂಚು, ಒಂದು ಕುರ್ಚಿಯ ಕಾಲು. ಯಾಕೆ ಎಸೆದಿರಲಿಲ್ಲವೋ.

ಮೈದುನ ಎದ್ದು ನಿಂತ. ಗಡ್ಡ ಬೆಳೆದು ಅವನ ಅಪ್ಪನ ಹಾಗೆ ಕಾಣುತ್ತಿದ್ದ. "ಕೂತ್ಕೊಳ್ಳಿ ಅತ್ತಿಗೆ," ಎಂದು ತನ್ನ ಕುರ್ಚಿಯನ್ನೇ ಸರಿಸಿದ.

"ನೀನು ಕೂತ್ಕೋ," ಎಂದು ಅವಳು ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು, ಬಾಗಿಲಿಗೆ ಎದುರಾಗಿ, ಅವನ ಪಕ್ಕಕ್ಕೆ ಹಾಕಿಕೊಂಡು ಕೂತಳು. ಹೇಳಬೇಕೆಂದುಕೊಂಡು ಬಂದ ಮಾತು ಯಾವುದೂ ನೆನಪಾಗಲಿಲ್ಲ. "ಊಟ ಮಾಡಿದ್ಯಾ?" ಎಂದಳು.

"ಇನ್ನೂ ಇಲ್ಲ."

"ಕೇಳಿಸ್ತಾ, ಅವರು ಹೇಳಿದ್ದು?"

ಅವನು ಮೇಜಿನ ಮೇಲಿದ್ದ ಒಣಬಟ್ಟೆಯನ್ನು ತೆಗೆದು ಮಡಚಿದ, ಮತ್ತೆ ಬಿಚ್ಚಿದ. "ಅಣ್ಣ ಕೆಮ್ಮಿದ್ದು ನಂಗೂ ಕೇಳಿಸಿತ್ತು," ಎಂದ ಕೊನೆಗೆ. "ನಾನೂ ನಿಮ್ಮ ಥರಾನೇ ತಿಳ್ಕೊಂಡೆ."

ಮೆಟ್ಟಿಲ ಮೇಲೆ ಸದ್ದಾಯಿತು. ವಯಸ್ಸಾದ ಹೆಂಗಸೊಬ್ಬಳು ಬಾಗಿಲ ಚೌಕಟ್ಟು ಹಿಡಿದು ಹತ್ತಿ ಬಂದಳು. ದೂರದಿಂದ ನಡೆದು ಬಂದಿರಬೇಕು, ಉಸಿರು ಏರಿತ್ತು. "ಹೋದ ತಿಂಗಳು ಕೊಟ್ಟು ಹೋಗಿದ್ದೆ," ಎಂದಳು. "ನಮ್ಮಕ್ಕ, ನಾನು, ಇಬ್ಬರೂ ಇರೋದು. ಬಾವಿಕಟ್ಟೆ ಹತ್ರ."

ಮೈದುನ ಬಟ್ಟೆಯನ್ನು ಕೆಳಗಿಟ್ಟು ಬಾಯಿ ತೆರೆದ. ಅವಳು ಅವನ ಮೊಣಕೈ ಮೇಲೆ ಕೈಯಿಟ್ಟಳು.

"ನಾನು ಹೇಳ್ತೀನಿ," ಎಂದಳು. "ಬನ್ನಿ ಅಮ್ಮ. ಕೂತ್ಕೊಳ್ಳಿ ಮೊದಲು."

ಆ ಹೆಂಗಸು ಬೆಂಚಿನ ತುದಿಯಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಅದರೊಳಗೆ ತಡಕಾಡಿ ಕನ್ನಡಕ ತೆಗೆದು, ಎರಡೂ ಗಾಜನ್ನು ನಿಧಾನವಾಗಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಕಿವಿಗೆ ಸಿಕ್ಕಿಸಿಕೊಂಡಳು.